ದೂರದ ಒಂಟಿ ಮನೆಗೆ ವಾಸ ಬದಲಿಸುವ ಮುನ್ನ

ಪಟ್ಟಣದಲ್ಲಿ ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹೋಗುವುದೆಂದರೆ ಬಹುಮಟ್ಟಿಗೆ ಸಾಮಾನು ಸಾಗಿಸುವ ಕೆಲಸ. ನಲ್ಲಿ ತಿರುಗಿಸಿದರೆ ನೀರು ಬರುವುದು, ಸ್ವಿಚ್ಚು ಒತ್ತಿದರೆ ದೀಪ ಹತ್ತುವುದು, ಬಚ್ಚಲಿನ ನೀರು ಕಣ್ಣಿಗೆ ಬೀಳದೆ ಎಲ್ಲಿಗೋ ಹರಿದುಹೋಗುವುದು ಎರಡೂ ಕಡೆ ಒಂದೇ ಆಗಿರುವುದರಿಂದ ಅವುಗಳ ವಿಚಾರ ಯಾರ ತಲೆಗೂ ಬರುವುದಿಲ್ಲ. ಊರಿನಿಂದ ದೂರವಿರುವ ಹಳ್ಳಿಮನೆಯಲ್ಲಿ ಈ ವ್ಯವಸ್ಥೆಗಳೆಲ್ಲ ಒಮ್ಮೆಲೇ ಮನೆಯವರ ಹೆಗಲಿಗೆ ಬರುತ್ತವೆ. ಯಾವುದಾದರೊಂದು ಕೆಟ್ಟಾಗ ಅದನ್ನು ಸರಿಪಡಿಸುವವರು ಬರುವುದಕ್ಕೆ ಹಿಡಿಯುವ ಸಮಯವೇ ಅಲ್ಲಿ ನಿಜವಾದ ದೂರ. ಆದ್ದರಿಂದ ತಯಾರಿಯ ಮೊದಲ ಹೆಜ್ಜೆಯಾಗಿ, ಆಸ್ಪತ್ರೆ, ಪಂಪು ರಿಪೇರಿ, ಇಂಧನ, ದಿನಸಿ ಈ ನಾಲ್ಕೂ ಮನೆಯಿಂದ ಎಷ್ಟು ಕಿಲೋಮೀಟರ್ ಎಂದು ಬರೆದಿಡುವುದಕ್ಕಿಂತ ಮಳೆಯ ರಾತ್ರಿಯಲ್ಲಿ ಎಷ್ಟು ಗಂಟೆ ಎಂದು ಬರೆದಿಡಬೇಕು. ಮುಂದೆ ಮಾಡುವ ಪ್ರತಿಯೊಂದು ಏರ್ಪಾಡಿಗೂ, ಕೊಳ್ಳುವ ಪ್ರತಿಯೊಂದು ಬಿಡಿಭಾಗಕ್ಕೂ ಆ ಗಂಟೆಗಳೇ ಅಳತೆಗೋಲು.

ಇನ್ನೊಂದು ಮಾತನ್ನು ಆರಂಭದಲ್ಲೇ ಹೇಳಬೇಕು. ಮನೆಯನ್ನು ಅದರ ಅತ್ಯಂತ ಕೆಟ್ಟ ಕಾಲದಲ್ಲಿ ನೋಡದೆ ನಿರ್ಧಾರ ಮಾಡಬಾರದು. ಬಿಸಿಲು ಹದವಾಗಿ ಗಿಡಮರ ಹಸಿರಾಗಿರುವಾಗ ಯಾವ ಹಳ್ಳಿಮನೆಯೂ ಚೆನ್ನಾಗಿಯೇ ಕಾಣುತ್ತದೆ. ಕಡುಬೇಸಿಗೆಯ ಕೊನೆಯ ವಾರದಲ್ಲಿ ಬಾವಿ ಹೇಗಿರುತ್ತದೆ, ಮಳೆ ಅಥವಾ ಹಿಮ ಜೋರಾಗಿರುವಾಗ ದಾರಿ ಹೇಗಿರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವುದು ಆ ಕಾಲದಲ್ಲಿ ಅಲ್ಲಿ ಎರಡು ರಾತ್ರಿ ಉಳಿದಾಗ ಮಾತ್ರ. ಅಷ್ಟು ಕಾಯಲು ಸಾಧ್ಯವಿಲ್ಲದಿದ್ದರೆ ಅಕ್ಕಪಕ್ಕದವರನ್ನು ಬೇರೆಬೇರೆಯಾಗಿ ಕೇಳಬೇಕು, ಮಾರುವವರನ್ನಲ್ಲ.

ನೀರು

ಉಳಿದ ಎಲ್ಲ ಕೊರತೆಗಳನ್ನು ಕೆಲವು ದಿನ ಸಹಿಸಬಹುದು, ನೀರಿನ ಕೊರತೆಯನ್ನು ಒಂದು ದಿನವೂ ಸಹಿಸಲಾಗದು. ಒಬ್ಬ ವ್ಯಕ್ತಿಗೆ ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ, ಶೌಚಕ್ಕೆ ಎಲ್ಲ ಸೇರಿ ದಿನಕ್ಕೆ 50ರಿಂದ 100 ಲೀಟರ್ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವ ಲೆಕ್ಕ. ನಾಲ್ಕು ಜನರ ಮನೆಗೆ 400 ಲೀಟರ್ ಎಂದಿಟ್ಟುಕೊಳ್ಳಿ. ತೋಟ, ದನಕರು ಈ ಲೆಕ್ಕದ ಹೊರಗಿನವು.

ಮೂಲದಲ್ಲಿ ಇಷ್ಟು ನೀರಿದೆಯೇ ಎಂದು ತಿಳಿಯಲು ದೊಡ್ಡ ಉಪಕರಣ ಬೇಡ. ಮೋಟಾರು ಹಾಕಿ 20 ಲೀಟರಿನ ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಆಮೇಲೆ ಮೋಟಾರನ್ನು ನಾಲ್ಕು ಗಂಟೆ ನಿಲ್ಲಿಸದೆ ಓಡಿಸಿ, ಪ್ರತಿ ಅರ್ಧ ಗಂಟೆಗೊಮ್ಮೆ ಅದೇ ಬಕೆಟ್ಟನ್ನು ಹಿಡಿಯಿರಿ. ಮೊದಲ ಬಕೆಟ್ಟು 40 ಸೆಕೆಂಡಿನಲ್ಲಿ ತುಂಬಿ ಕೊನೆಯದು 2 ನಿಮಿಷ ತೆಗೆದುಕೊಂಡರೆ, ಮೊದಲು ಬಂದದ್ದು ಬಾವಿಯಲ್ಲಿ ಸಂಗ್ರಹವಾಗಿದ್ದ ನೀರು, ಕೊನೆಗೆ ಬಂದದ್ದು ಒರತೆಯ ನಿಜವಾದ ಶಕ್ತಿ ಎಂದು ಅರ್ಥ. ತೆರೆದ ಬಾವಿಯಾದರೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಒದ್ದೆಯಾದ ಗುರುತಿನಿಂದ ನೀರಿನ ಮಟ್ಟವನ್ನು ಮೋಟಾರು ಹಾಕುವ ಮುನ್ನ ಒಮ್ಮೆ, ನಿಲ್ಲಿಸಿದ ಕೂಡಲೇ ಒಮ್ಮೆ, ಮರುದಿನ ಬೆಳಗ್ಗೆ ಒಮ್ಮೆ ಅಳೆಯಬೇಕು. ರಾತ್ರಿ ಕಳೆಯುವಷ್ಟರಲ್ಲಿ ಮಟ್ಟ ಮೊದಲಿನ ಗುರುತಿಗೆ ಏರದಿದ್ದರೆ ಆ ಬಾವಿಯನ್ನು ನಂಬಿ ಹೆಚ್ಚು ಜನ ಇರಲಾಗುವುದಿಲ್ಲ. ಈ ಪರೀಕ್ಷೆಯನ್ನು ನಾನು ಮಳೆ ಮುಗಿದ ತಿಂಗಳಲ್ಲಿ ಮಾಡಿ, ಬಕೆಟ್ಟು ತುಂಬಿ ಚೆಲ್ಲಿದ್ದನ್ನು ನೋಡಿ ಸಂತೋಷಪಟ್ಟು, ಮುಂದಿನ ಬೇಸಿಗೆಯಲ್ಲಿ ನೀರಿಲ್ಲದ ಬಾವಿಯಲ್ಲಿ ಮೋಟಾರು ಒಣಗಿ ಓಡಿ ಸುಟ್ಟುಹೋದಾಗ ಪಶ್ಚಾತ್ತಾಪಪಟ್ಟವನು. ನೀರು ಇಳಿದಾಗ ಮೋಟಾರನ್ನು ತಾನಾಗಿ ನಿಲ್ಲಿಸುವ ಚಿಕ್ಕ ಪೆಟ್ಟಿಗೆಯೊಂದನ್ನು ಸ್ಟಾರ್ಟರಿನ ಪಕ್ಕದಲ್ಲಿ ಕೂರಿಸಿದ್ದರೆ ಕನಿಷ್ಠ ಮೋಟಾರಾದರೂ ಉಳಿಯುತ್ತಿತ್ತು.

ಪಂಪಿನ ವಿಚಾರದಲ್ಲಿ ಹಲವರು ಎಡವುವುದು ಆಳದ ಲೆಕ್ಕದಲ್ಲಿ. ಬಾವಿಯ ದಡದಲ್ಲಿಟ್ಟ ಪಂಪು ಎಷ್ಟೇ ಶಕ್ತಿಯದಾಗಿದ್ದರೂ ಸುಮಾರು 7 ಮೀಟರಿಗಿಂತ ಕೆಳಗಿನ ನೀರನ್ನು ಹೀರಲಾರದು, ಏಕೆಂದರೆ ನೀರನ್ನು ಮೇಲೆ ತಳ್ಳುವುದು ಪಂಪಲ್ಲ, ಹೊರಗಿನ ವಾತಾವರಣದ ಒತ್ತಡ. ಆ ಒತ್ತಡ ಲೆಕ್ಕಪ್ರಕಾರ 10 ಮೀಟರಿಗೆ ಮುಗಿಯುತ್ತದೆ, ಪೈಪಿನ ಘರ್ಷಣೆ ಕಳೆದರೆ ಏಳೆಂಟು ಮೀಟರಿಗೆ. ಬೇಸಿಗೆಯಲ್ಲಿ ಮಟ್ಟ ಅದಕ್ಕಿಂತ ಇಳಿಯುವ ಬಾವಿಗೆ ನೀರಿನೊಳಗೆ ಮುಳುಗಿರುವ ಪಂಪೇ ಬೇಕು. ಮೇಲಿನ ತೊಟ್ಟಿಯನ್ನು ಎತ್ತರದಲ್ಲಿ ಇಡುವುದೂ ಲೆಕ್ಕದ ವಿಷಯವೇ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಸಿಗುವುದರಿಂದ, ಚಾವಣಿಯ ಮೇಲೆ ಒಂದು ಅಡಿ ಕಟ್ಟೆ ಹಾಕಿ ಕೂರಿಸಿದ ತೊಟ್ಟಿಯಿಂದ ಶವರಿನ ನೀರು ಜೋರಾಗಿ ಬರಲಿ ಎಂದು ನಿರೀಕ್ಷಿಸಬಾರದು. 1000 ಲೀಟರ್ ನೀರು ಒಂದು ಟನ್ ತೂಗುತ್ತದೆ ಎಂಬುದನ್ನು ಹಳೆಯ ಚಾವಣಿಯ ಮೇಲೆ ತೊಟ್ಟಿ ಇಡುವ ಮುನ್ನ ನೆನೆಯಬೇಕು.

ನೀರು ಇದ್ದರಷ್ಟೇ ಸಾಲದು. ತಿಳಿಯಾಗಿ ಕಾಣುವ ನೀರು ಶುದ್ಧವೆಂಬ ನಂಬಿಕೆ ಹಳ್ಳಿಮನೆಯ ಮೊದಲ ಅಪಾಯ. ಪ್ರಯೋಗಾಲಯಕ್ಕೆ ಕೊಡುವಾಗ ಎರಡು ಬಗೆಯ ಪರೀಕ್ಷೆ ಕೇಳಬೇಕು. ಒಂದು ಸೂಕ್ಷ್ಮಜೀವಿಗಳದ್ದು: 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಒಂದೂ ಇರಬಾರದು. ಇದಕ್ಕೆ ಅವರೇ ಕೊಡುವ ಶುದ್ಧೀಕರಿಸಿದ ಬಾಟಲಿಯಲ್ಲಿ ನೀರು ಹಿಡಿದು, ತಂಪಾಗಿಟ್ಟು, 24 ಗಂಟೆಯೊಳಗೆ ತಲುಪಿಸಬೇಕು. ಇನ್ನೊಂದು ಕರಗಿರುವ ವಸ್ತುಗಳದ್ದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಒಂದು ಲೀಟರಿಗೆ ನೈಟ್ರೇಟ್ 50 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತು ಸೂಕ್ಷ್ಮಜೀವಿಗಳ ಮಟ್ಟಿಗೆ ಮಾತ್ರ ನಿಜ. ಕುದಿ ಬಂದ ಮೇಲೆ 1 ನಿಮಿಷ, 2000 ಮೀಟರಿಗಿಂತ ಎತ್ತರದ ಜಾಗದಲ್ಲಿ 3 ನಿಮಿಷ ಬಿಟ್ಟರೆ ಅವು ಸಾಯುತ್ತವೆ. ಆದರೆ ನೈಟ್ರೇಟು, ಫ್ಲೋರೈಡುಗಳು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಹೆಚ್ಚುತ್ತದೆ. ಬಾಟಲಿ ಹಾಲು ಕುಡಿಯುವ ಹಸುಗೂಸು ಮನೆಯಲ್ಲಿದ್ದರೆ ನೈಟ್ರೇಟ್ ಪರೀಕ್ಷೆಯ ಫಲಿತಾಂಶ ಕೈಗೆ ಬರುವವರೆಗೆ ಆ ನೀರಿನಲ್ಲಿ ಹಾಲಿನ ಪುಡಿ ಕಲಸಬಾರದು.

ಮಳೆನೀರಿನ ಸಂಗ್ರಹ ಎರಡನೆಯ ಮೂಲವಾಗಿ ಎಲ್ಲ ಕಡೆಯೂ ಉಪಯುಕ್ತ. ಒಂದು ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಆ ಲೆಕ್ಕದಲ್ಲಿ 100 ಚದರ ಮೀಟರಿನ ಚಾವಣಿಯಿಂದ 10 ಮಿಲಿಮೀಟರಿನ ಒಂದು ಸಾಧಾರಣ ಮಳೆಗೆ, ಚೆಲ್ಲಿ ಹೋಗುವುದನ್ನು ಕಳೆದು, 800 ಲೀಟರ್ ಸಿಗುತ್ತದೆ, ಅಂದರೆ ನಾಲ್ಕು ಜನರಿಗೆ ಎರಡು ದಿನದ ನೀರು. ಋತುವಿನ ಮೊದಲ ಮಳೆಯ ನೀರು ಧೂಳು, ಹಕ್ಕಿಯ ಹಿಕ್ಕೆಗಳನ್ನು ತೊಳೆದುಕೊಂಡು ಬರುವುದರಿಂದ ಅದನ್ನು ಹೊರಗೆ ಬಿಡುವ ಒಂದು ಅಡ್ಡಕೊಳವೆ ಇರಲೇಬೇಕು.

ಬಚ್ಚಲು ಮತ್ತು ಶೌಚದ ನೀರಿನ ಬಗ್ಗೆ ಹೇಳಬೇಕಾದದ್ದು ಕಡಿಮೆ, ಆದರೆ ಮರೆಯುವಂತಿಲ್ಲ. ಶೌಚಗುಂಡಿ ಎಲ್ಲಿದೆ, ಅದರ ಮುಚ್ಚಳ ಎಲ್ಲಿದೆ, ಕೊನೆಯ ಬಾರಿ ಖಾಲಿ ಮಾಡಿದ್ದು ಯಾವಾಗ ಎಂದು ಮನೆ ಬಿಟ್ಟುಕೊಡುವವರಿಂದ ಜಾಗ ತೋರಿಸಿಯೇ ತಿಳಿದುಕೊಳ್ಳಬೇಕು. ಮುಚ್ಚಳ ಮಣ್ಣಿನಡಿ ಹೂತುಹೋಗಿದ್ದರೆ ತೋಡಿಸಿ ನೋಡಬೇಕು. ಬಳಕೆಯನ್ನು ಅವಲಂಬಿಸಿ ಮೂರರಿಂದ ಐದು ವರ್ಷಕ್ಕೊಮ್ಮೆ ಅದನ್ನು ಖಾಲಿ ಮಾಡಿಸಬೇಕಾಗುತ್ತದೆ, ಅದಕ್ಕೆ ಬರುವ ಟ್ಯಾಂಕರ್ ಲಾರಿ ಅಲ್ಲಿಯವರೆಗೆ ತಲುಪಬಲ್ಲದೇ ಎಂಬುದೂ ಪ್ರಶ್ನೆಯೇ. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ 30 ಮೀಟರ್ ಅಂತರವಿದ್ದರೆ ನೆಮ್ಮದಿ, ಗುಂಡಿ ಇಳಿಜಾರಿನ ಕೆಳಭಾಗದಲ್ಲಿದ್ದರೆ ಇನ್ನೂ ಒಳ್ಳೆಯದು. ಆ ಗುಂಡಿಯೊಳಗೆ ಯಾವ ಕಾರಣಕ್ಕೂ ಯಾರನ್ನೂ ಇಳಿಸಬಾರದು. ಅಲ್ಲಿ ಕಟ್ಟಿಕೊಂಡಿರುವ ಅನಿಲ ಒಂದೆರಡು ಉಸಿರಿನಲ್ಲೇ ಪ್ರಜ್ಞೆ ತಪ್ಪಿಸುತ್ತದೆ, ಕಾಪಾಡಲು ಇಳಿದ ಎರಡನೆಯವರೂ ಅಲ್ಲೇ ಉಳಿಯುತ್ತಾರೆ.

ದಾರಿ

ಮನೆಯವರೆಗಿನ ದಾರಿ ಯಾರದ್ದು ಎಂಬುದು ಕಾಗದದಲ್ಲಿ ಇರಬೇಕು, ಬಾಯಿಮಾತಿನಲ್ಲಲ್ಲ. ಕೊನೆಯ ಅರ್ಧ ಕಿಲೋಮೀಟರ್ ಬೇರೊಬ್ಬರ ಜಮೀನಿನ ಮೂಲಕ ಹಾದುಹೋಗುತ್ತಿದ್ದರೆ, ಈಗಿನವರ ಸ್ನೇಹದಿಂದ ನಡೆದಿರುವ ಓಡಾಟ ಮುಂದಿನವರ ಕಾಲದಲ್ಲಿ ಬೇಲಿಯಾಗಿ ನಿಲ್ಲಬಹುದು. ದಾರಿಯ ಹಕ್ಕು, ಅದರ ಅಗಲ, ಅದನ್ನು ದುರಸ್ತಿ ಮಾಡುವ ಹೊಣೆ ಈ ಮೂರೂ ದಾಖಲೆಯಲ್ಲಿವೆಯೇ ಎಂದು ವಕೀಲರ ಮೂಲಕ ಖಚಿತಪಡಿಸಿಕೊಂಡ ಮೇಲೆಯೇ ಮುಂಗಡದ ಮಾತು. ನೀರಿನ ಮೂಲ ಗಡಿಯ ಆಚೆಗಿದ್ದರೆ ಅದಕ್ಕೂ ಇದೇ ನಿಯಮ.

ಆಮೇಲೆ ದಾರಿಯನ್ನು ನಡೆದು ನೋಡಬೇಕು. ವಾಹನದಲ್ಲಿ ಕೂತವರಿಗೆ ಮೋರಿಯ ಬಿರುಕು ಕಾಣುವುದಿಲ್ಲ, ತಗ್ಗಿನಲ್ಲಿ ಮಳೆನೀರು ಯಾವ ಎತ್ತರಕ್ಕೆ ಏರಿತ್ತೆಂಬುದನ್ನು ಹೇಳುವ ಕಸಕಡ್ಡಿಯ ಗೆರೆಯೂ ಬೇಲಿಯ ಮೇಲೆ ಕಾಣುವುದಿಲ್ಲ. ಅಳತೆಪಟ್ಟಿ ಹಿಡಿದು ಅತ್ಯಂತ ಕಿರಿದಾದ ಜಾಗ, ಅತ್ಯಂತ ತಗ್ಗಿನ ತಂತಿ ಅಥವಾ ಕೊಂಬೆ, ಅತ್ಯಂತ ಬಿಗಿಯಾದ ತಿರುವು ಈ ಮೂರನ್ನು ಅಳೆದು ಸಾಮಾನು ಸಾಗಿಸುವವರಿಗೆ ಚಿತ್ರದೊಂದಿಗೆ ಕಳುಹಿಸಬೇಕು. ನಾನು ದಾರಿ ಅಗಲವಾಗಿಯೇ ಇದೆ ಎಂದು ಫೋನಿನಲ್ಲಿ ಹೇಳಿ ಸುಮ್ಮನಿದ್ದೆ. ಬಂದ ಲಾರಿ ಕೊನೆಯ ತಿರುವಿನಲ್ಲಿ ಮೂರು ಸಲ ಹಿಂದೆ ಮುಂದೆ ಮಾಡಿ, ಹಿಂದಿನ ಚಕ್ರ ಚರಂಡಿಯ ಅಂಚಿಗೆ ಜಾರುತ್ತಿದ್ದಂತೆ ನಿಂತುಬಿಟ್ಟಿತು. ಚಾಲಕ ಇಳಿದು ಬಂದು ಏನೂ ಮಾತನಾಡದೆ ಹಿಂಬದಿಯ ಬಾಗಿಲ ಕೊಂಡಿ ತೆಗೆದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಸಾಮಾನೆಲ್ಲ ರಸ್ತೆಯ ಬದಿಯಲ್ಲಿ ಇಳಿಯಿತು. ಚಿಕ್ಕ ವಾಹನವೊಂದು ಐದು ಸಲ ಓಡಾಡಿ ಅದನ್ನು ಮನೆ ಮುಟ್ಟಿಸುವಷ್ಟರಲ್ಲಿ ಮಳೆ ಬಂದು ಹಾಸಿಗೆಗಳೂ ಎರಡು ಪೆಟ್ಟಿಗೆ ಪುಸ್ತಕಗಳೂ ನೆನೆದುಹೋದವು. ತಪ್ಪು ಸಾಗಿಸುವವರದ್ದಲ್ಲ.

ವಿದ್ಯುತ್ತು ಮತ್ತು ಬೆಂಕಿ

ಮನೆಗೆ ವಿದ್ಯುತ್ ಸಂಪರ್ಕವಿದೆ ಎಂಬುದಕ್ಕೂ ವಿದ್ಯುತ್ತು ಸಿಗುತ್ತದೆ ಎಂಬುದಕ್ಕೂ ವ್ಯತ್ಯಾಸವಿದೆ. ಉದ್ದನೆಯ ತಂತಿಯ ತುದಿಯಲ್ಲಿರುವ ಮನೆಗೆ ವೋಲ್ಟೇಜು ಕಡಿಮೆ ಬರುವುದು ಸಾಮಾನ್ಯ. ಎಲ್ಲರೂ ದೀಪ ಹಾಕುವ ಸಂಜೆಯ ಹೊತ್ತಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದರೆ ನಿಜ ತಿಳಿಯುತ್ತದೆ. ವೋಲ್ಟೇಜು ಇಳಿದಾಗ ಮೊದಲು ಬಿಸಿಯಾಗಿ ಹಾಳಾಗುವುದು ಪಂಪು ಮತ್ತು ಫ್ರಿಜ್ಜಿನ ಮೋಟಾರುಗಳು. ಹಳೆಯ ಮನೆಯಾದರೆ ಅರ್ಥಿಂಗ್ ಇದೆಯೇ, ಸೋರಿಕೆಯಾದಾಗ ಸಂಪರ್ಕ ಕಡಿಯುವ ಸ್ವಿಚ್ಚು ಕೆಲಸ ಮಾಡುತ್ತದೆಯೇ ಎಂಬುದನ್ನು ಬಲ್ಲ ಎಲೆಕ್ಟ್ರಿಷಿಯನ್ನಿಂದ ಪರೀಕ್ಷೆ ಮಾಡಿಸದೆ ಒಂದು ರಾತ್ರಿಯೂ ಮಲಗಬಾರದು ಎಂಬುದು ನನ್ನ ಅಭಿಪ್ರಾಯ.

ಕರೆಂಟು ಹೋದಾಗ ಏನು ನಡೆಯಬೇಕು ಎಂಬುದನ್ನು ಅಂದಾಜಿನಲ್ಲಿ ಬಿಡದೆ ಲೆಕ್ಕ ಹಾಕಬೇಕು. 9 ವಾಟಿನ ಐದು ದೀಪಗಳು ಐದು ಗಂಟೆ ಉರಿದರೆ 225 ವಾಟ್-ಅವರ್. ಇಂಟರ್ನೆಟ್ಟಿನ 10 ವಾಟಿನ ಪೆಟ್ಟಿಗೆ ದಿನವಿಡೀ ನಡೆದರೆ 240. ಸಾಧಾರಣ ಫ್ರಿಜ್ಜಿಗೆ ದಿನಕ್ಕೆ ಹೆಚ್ಚುಕಡಿಮೆ 1 ಯೂನಿಟ್, ಅಂದರೆ 1000. ಒಂದು ಎಚ್‌ಪಿ ಪಂಪು ಒಂದು ಗಂಟೆ ಓಡಿದರೆ ಸುಮಾರು 750. ಒಟ್ಟು 2200 ವಾಟ್-ಅವರಿನಷ್ಟಾಯಿತು. ಈಗ 12 ವೋಲ್ಟ್, 150 ಆಂಪಿಯರ್-ಅವರಿನ ಬ್ಯಾಟರಿಯನ್ನು ನೋಡಿದರೆ ಅದರ ಒಟ್ಟು ಸಂಗ್ರಹ 1800. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸುತ್ತ ಹೋದರೆ ಅದರ ಆಯುಷ್ಯ ಬೇಗ ಮುಗಿಯುವುದರಿಂದ ಬಳಸಬಹುದಾದದ್ದು 900 ಮಾತ್ರ. ಅಂದರೆ ಅಂಥ ಒಂದು ಬ್ಯಾಟರಿಯಿಂದ ದೀಪ, ಇಂಟರ್ನೆಟ್ಟು, ಫೋನುಗಳನ್ನು ಒಂದು ದಿನ ಆರಾಮವಾಗಿ ನಡೆಸಬಹುದು, ಫ್ರಿಜ್ಜನ್ನು ಸೇರಿಸಿದರೆ ಬೆಳಗಾಗುವ ಮುನ್ನ ಕತ್ತಲಾಗಬಹುದು, ಪಂಪಂತೂ ಸಾಧ್ಯವಿಲ್ಲ. ಮೋಟಾರು ಶುರುವಾಗುವ ಕ್ಷಣದಲ್ಲಿ ಮಾಮೂಲಿನ ಐದಾರು ಪಟ್ಟು ಕರೆಂಟು ಎಳೆಯುವುದರಿಂದ ಸಣ್ಣ ಇನ್‌ವರ್ಟರ್ ಅಲ್ಲೇ ಕೈಚೆಲ್ಲುತ್ತದೆ. ನನ್ನ ಮಟ್ಟಿಗೆ ಪಂಪಿಗೆ ಬ್ಯಾಟರಿ ಕಟ್ಟುವುದಕ್ಕಿಂತ ದೊಡ್ಡ ತೊಟ್ಟಿ ಕಟ್ಟಿಸಿ, ಕರೆಂಟು ಅಥವಾ ಬಿಸಿಲು ಇರುವಾಗ ತುಂಬಿಸಿಡುವುದೇ ಜಾಣತನ. ಎತ್ತರದಲ್ಲಿ ನಿಂತ ನೀರು ಕೆಡದ ಬ್ಯಾಟರಿಯೇ ಸರಿ. ಫ್ರಿಜ್ಜನ್ನು ಬಾಗಿಲು ತೆರೆಯದೆ ಬಿಟ್ಟರೆ ನಾಲ್ಕು ಗಂಟೆ ತಂಪು ಉಳಿಯುತ್ತದೆ, ತುಂಬಿದ ಫ್ರೀಜರಾದರೆ 48 ಗಂಟೆ.

ಜನರೇಟರ್ ಇಡುವವರು ಅದನ್ನು ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಬಯಲಿನಲ್ಲಿ, ಹೊಗೆ ಕಿಟಕಿಯ ಕಡೆಗೆ ಬರದಂತೆ ಇಡಬೇಕು. ಜಗಲಿಯಲ್ಲಾಗಲಿ ಕೊಟ್ಟಿಗೆಯಲ್ಲಾಗಲಿ ಸಲ್ಲದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೂ ಇದೇ ಅನಿಲ. ಇನ್ನೊಂದು ಎಚ್ಚರಿಕೆ ನಿಮಗಾಗಿ ಅಲ್ಲ, ಕಂಬ ಹತ್ತುವವರಿಗಾಗಿ: ಹೊರಗಿನ ತಂತಿ ಮತ್ತು ಜನರೇಟರುಗಳಲ್ಲಿ ಒಂದೇ ಸಮಯಕ್ಕೆ ಒಂದನ್ನು ಮಾತ್ರ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ಚು ಇಲ್ಲದಿದ್ದರೆ, ನಿಮ್ಮ ಮನೆಯ ಕರೆಂಟು ಹಿಂದಕ್ಕೆ ಹರಿದು, ತಂತಿ ಸತ್ತಿದೆ ಎಂದು ನಂಬಿ ಕೈಹಾಕಿದವರ ಪ್ರಾಣ ತೆಗೆಯುತ್ತದೆ. ಡಬ್ಬಿಯಲ್ಲಿಟ್ಟ ಪೆಟ್ರೋಲು ಕೆಲವು ತಿಂಗಳಲ್ಲಿ ಹಳಸುವುದರಿಂದ ಡಬ್ಬಿಯ ಮೇಲೆ ತಾರೀಖು ಬರೆದು, ಹಳೆಯದನ್ನು ವಾಹನಕ್ಕೆ ಹಾಕಿ ಹೊಸದನ್ನು ತುಂಬಿಡಬೇಕು.

ಬೆಂಕಿ ಹತ್ತಿದರೆ ಅಗ್ನಿಶಾಮಕ ವಾಹನ ಬರುವವರೆಗೆ ಮನೆ ಉಳಿಯುವುದಿಲ್ಲ ಎಂದೇ ಲೆಕ್ಕ ಹಾಕಬೇಕು. ಬೇಸಿಗೆಗೆ ಮುನ್ನ ಮನೆಯ ಸುತ್ತ 10 ಮೀಟರಿನವರೆಗೆ ಒಣಹುಲ್ಲು, ತರಗೆಲೆ, ಸೌದೆಯ ರಾಶಿ ಯಾವುದೂ ಇರದಂತೆ ನೋಡಿಕೊಳ್ಳಿ. ಮನೆಯ ಎಲ್ಲ ಮೂಲೆಗೂ ಎಟಕುವಷ್ಟು ಉದ್ದದ ಪೈಪೊಂದು ಸದಾ ನಲ್ಲಿಗೆ ಜೋಡಿಸಿದಂತೆಯೇ ಇರಲಿ, ಆ ನಲ್ಲಿಗೆ ನೀರು ಬರುವುದು ಪಂಪಿನಿಂದಲ್ಲ, ಮೇಲಿನ ತೊಟ್ಟಿಯಿಂದ ಆಗಿರಲಿ, ಏಕೆಂದರೆ ಬೆಂಕಿಯಲ್ಲಿ ಮೊದಲು ಹೋಗುವುದೇ ಕರೆಂಟು. ಅಡುಗೆಮನೆಯ ಬಾಗಿಲ ಬಳಿ ಒಂದು ಅಗ್ನಿಶಾಮಕ ಸಿಲಿಂಡರು, ಮಲಗುವ ಕೋಣೆಯ ಹೊರಗೆ ಹೊಗೆಯನ್ನು ಗುರುತಿಸಿ ಕೂಗುವ ಅಲಾರಮು, ಒಲೆಯಿರುವ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡಿನ ಅಲಾರಮು, ಇವು ಸಾಮಾನಿನ ಲಾರಿಗಿಂತ ಮೊದಲು ಮನೆ ಸೇರಬೇಕಾದವು. ಸೌದೆಯನ್ನು ನೆಚ್ಚುವವರು ಒಂದು ವರ್ಷ ಮುಂಚೆ ಕಡಿದು ಸೀಳಿ ಒಣಗಿಸಿದ್ದನ್ನೇ ಕೊಳ್ಳಬೇಕು. ಹಸಿಸೌದೆ ಶಾಖ ಕೊಡುವುದಿಲ್ಲ, ಹೊಗೆಕೊಳವೆಯೊಳಗೆ ಡಾಂಬರಿನಂಥ ಮಸಿ ಕಟ್ಟಿಸುತ್ತದೆ, ಮುಂದೊಂದು ದಿನ ಆ ಮಸಿಯೇ ಹತ್ತಿಕೊಳ್ಳುತ್ತದೆ.

ಮನೆಯ ಕಟ್ಟಡದ ಬಗ್ಗೆ ಒಂದೇ ಸಲಹೆ. ಜೋರು ಮಳೆ ಸುರಿಯುವಾಗ ಟಾರ್ಚು ಹಿಡಿದು ಅಟ್ಟ ಹತ್ತಿ, ಅರ್ಧ ಗಂಟೆ ಅಲ್ಲೇ ಕೂತು, ಎಲ್ಲಿ ಹನಿಯುತ್ತದೆ ನೋಡಬೇಕು. ಇಳಿಯುವ ಮುನ್ನ ತೊಲೆಗಳು ಗೋಡೆ ಸೇರುವ ತುದಿಗೆ ಸ್ಕ್ರೂಡ್ರೈವರ್ ಒತ್ತಿ ನೋಡಬೇಕು. ಗಟ್ಟಿ ಮರ ಒಳಗೆ ಬಿಡುವುದಿಲ್ಲ, ಗೆದ್ದಲು ತಿಂದದ್ದಾದರೆ ಸ್ಕ್ರೂಡ್ರೈವರ್ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ.

ಫೋನು ಮತ್ತು ಇಂಟರ್ನೆಟ್ಟು

ನಕ್ಷೆಯಲ್ಲಿ ಸಿಗ್ನಲ್ ಇದೆ ಎಂದು ತೋರಿಸಿದ ಮಾತ್ರಕ್ಕೆ ಅಡುಗೆಮನೆಯಲ್ಲಿ ಫೋನು ಸಿಗುತ್ತದೆ ಎಂದಲ್ಲ. ಬೇರೆಬೇರೆ ಕಂಪನಿಯ ಸಿಮ್ ಇರುವ ಎರಡು ಮೂರು ಫೋನುಗಳನ್ನು ಹಿಡಿದು, ಬಾಗಿಲು ಮುಚ್ಚಿದ ಪ್ರತಿ ಕೋಣೆಯಿಂದ ನಿಜವಾಗಿ ಕರೆ ಮಾಡಿ ಮಾತನಾಡಿ ನೋಡಬೇಕು. ಇಂಟರ್ನೆಟ್ಟಿನ ವೇಗವನ್ನು ಬೆಳಗಿನ ಹೊತ್ತಿನಲ್ಲಲ್ಲ, ಸುತ್ತಲಿನವರೆಲ್ಲ ಬಳಸುವ ರಾತ್ರಿ ಎಂಟರಿಂದ ಹತ್ತರೊಳಗೆ ಅಳೆಯಬೇಕು. ಕರೆಂಟು ಹೋಗಿ ಎಷ್ಟು ಹೊತ್ತಿಗೆ ಟವರು ಸಾಯುತ್ತದೆ ಎಂಬುದನ್ನು ನೆರೆಯವರು ನಿಖರವಾಗಿ ಹೇಳುತ್ತಾರೆ, ಏಕೆಂದರೆ ಅದನ್ನು ಅವರು ಪ್ರತಿ ಗಾಳಿಮಳೆಯಲ್ಲೂ ಅನುಭವಿಸಿರುತ್ತಾರೆ. ಮನೆಯಿಂದಲೇ ದುಡಿಯುವವರು ಒಂದನ್ನೊಂದು ಅವಲಂಬಿಸದ ಎರಡು ಸಂಪರ್ಕಗಳಿಲ್ಲದೆ ಹೊರಡಬಾರದು. ಉಪಗ್ರಹದ ಸಂಪರ್ಕವಾದರೆ ಯಾವ ಬಗೆಯದೆಂದು ಕೇಳಿ. 35,786 ಕಿಲೋಮೀಟರ್ ಎತ್ತರದಲ್ಲಿ ನಿಂತಂತೆ ಕಾಣುವ ಉಪಗ್ರಹಕ್ಕೆ ಮಾತು ಹೋಗಿ ಉತ್ತರ ಮರಳುವಷ್ಟರಲ್ಲಿ ಅರ್ಧ ಸೆಕೆಂಡು ಕಳೆಯುತ್ತದೆ, ಆದ್ದರಿಂದ ವಿಡಿಯೊ ಮಾತುಕತೆಯಲ್ಲಿ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ ಇಬ್ಬರೂ ನಿಲ್ಲಿಸುವ ಪ್ರಸಂಗ ತಪ್ಪದು. ಭೂಮಿಗೆ ಹತ್ತಿರ ಸುತ್ತುವ ಉಪಗ್ರಹಗಳಲ್ಲಿ ಈ ತೊಂದರೆಯಿಲ್ಲ, ಆದರೆ ಅವಕ್ಕೆ ಆಕಾಶ ಅಗಲವಾಗಿ ತೆರೆದಿರಬೇಕು, ಎತ್ತರದ ಮರಗಳ ನಡುವಿನ ಮನೆಗೆ ಅದು ಸುಲಭವಲ್ಲ.

ಮನೆಗೆ ವಿಳಾಸವಿದ್ದರೂ ದಾರಿ ತಿಳಿಯದ ವಾಹನಕ್ಕೆ ಅದು ಸಿಗುವುದಿಲ್ಲ. ಫೋನು ತೋರಿಸುವ ಅಕ್ಷಾಂಶ ರೇಖಾಂಶಗಳನ್ನು ದಶಾಂಶದ ಮುಂದೆ ಐದು ಅಂಕಿಯವರೆಗೆ ಬರೆದರೆ ಸುಮಾರು ಒಂದು ಮೀಟರಿನಷ್ಟು ನಿಖರವಾಗಿ ಜಾಗ ತಿಳಿಸಿದಂತಾಗುತ್ತದೆ. ಆ ಅಂಕಿಗಳನ್ನೂ, ಮುಖ್ಯರಸ್ತೆಯಿಂದ ಬರುವ ತಿರುವುಗಳನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿಡಿ. ಗಾಬರಿಯಲ್ಲಿರುವವರು, ಅಥವಾ ಆ ದಿನ ಮನೆಗೆ ಬಂದ ಅತಿಥಿ, ಅದನ್ನು ನೋಡಿಕೊಂಡು ಓದಿ ಹೇಳಿದರೆ ಸಾಕು.

ಆರೋಗ್ಯ

ತುರ್ತು ಚಿಕಿತ್ಸೆಯಿರುವ ಆಸ್ಪತ್ರೆಗೆ ಒಂದು ರಾತ್ರಿ ಸುಮ್ಮನೆ ವಾಹನ ಓಡಿಸಿಕೊಂಡು ಹೋಗಿ ಬನ್ನಿ. ಎಷ್ಟು ನಿಮಿಷವಾಯಿತು, ರಾತ್ರಿ ಯಾವ ಗೇಟು ತೆರೆದಿರುತ್ತದೆ, ವೈದ್ಯರು ಇರುತ್ತಾರೆಯೇ ಎಂಬುದು ಆಗ ಗೊತ್ತಾಗುತ್ತದೆ. ವಿಷದ ಹಾವುಗಳಿರುವ ಪ್ರದೇಶವಾದರೆ ಹಾವಿನ ವಿಷಕ್ಕೆ ಔಷಧಿ ಯಾವ ಆಸ್ಪತ್ರೆಯಲ್ಲಿ ಸದಾ ಇರುತ್ತದೆ ಎಂದು ಮುಂಚೆಯೇ ವಿಚಾರಿಸಿ ಬರೆದಿಡಬೇಕು, ಕೆಲವೊಮ್ಮೆ ಅದು ಹತ್ತಿರದ ಆಸ್ಪತ್ರೆ ಆಗಿರುವುದಿಲ್ಲ. ಕಚ್ಚಿದ ಜಾಗವನ್ನು ಕೊಯ್ಯುವುದು, ಹೀರುವುದು, ಮೇಲೆ ಬಿಗಿಯಾಗಿ ಹಗ್ಗ ಕಟ್ಟುವುದು ಇವೆಲ್ಲ ಹಾನಿ. ಉಂಗುರ, ಬಳೆ, ಗಡಿಯಾರ ತೆಗೆದು, ಕೈಕಾಲು ಅಲುಗದಂತೆ ಹಲಗೆಯ ಆಸರೆ ಕೊಟ್ಟು, ಕಚ್ಚಿಸಿಕೊಂಡವರನ್ನು ನಡೆಸದೆ ಹೊತ್ತು ಸಾಗಿಸಬೇಕು. ನಾಯಿ ಅಥವಾ ಬೇರೆ ಪ್ರಾಣಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಗಾಯ ಚಿಕ್ಕದೆಂದು ಬಿಡದೆ, ಲಸಿಕೆಗೆ ಹೊರಡಬೇಕು. ಮಣ್ಣು, ತಂತಿ, ಕತ್ತಿಗಳ ನಡುವಿನ ಬದುಕಾದ್ದರಿಂದ ಹತ್ತು ವರ್ಷದೊಳಗೆ ಧನುರ್ವಾಯುವಿನ ಲಸಿಕೆ ಆಗಿರದ ದೊಡ್ಡವರು ಹೊರಡುವ ಮುನ್ನವೇ ಹಾಕಿಸಿಕೊಳ್ಳುವುದು ಲೇಸು.

ನಿತ್ಯದ ಮಾತ್ರೆಗಳು ಒಂದು ತಿಂಗಳಿಗೆ ಹೆಚ್ಚಾಗಿಯೇ ಇರಲಿ. ಇನ್ಸುಲಿನ್ ಬಳಸುವವರಿಗೆ ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಅಗತ್ಯವಿರುವುದರಿಂದ, ಮೇಲೆ ಹೇಳಿದ ಬ್ಯಾಟರಿಯ ಲೆಕ್ಕದಲ್ಲಿ ಫ್ರಿಜ್ಜು ಐಚ್ಛಿಕವಾಗಿ ಉಳಿಯುವುದಿಲ್ಲ. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಲೇಬೇಕಾದವರು, ಹೆರಿಗೆಯ ದಿನ ಹತ್ತಿರವಿರುವವರು ಮನೆಯಲ್ಲಿದ್ದರೆ ಸ್ಥಳಾಂತರವನ್ನು ಮುಂದಕ್ಕೆ ಹಾಕುವುದೇ ಸರಿ. ಇದರಲ್ಲಿ ಸಂಕೋಚ ಬೇಡ.

ಕೈಗೆ ಸಿಗಬೇಕಾದ ಸಲಕರಣೆ

ಹತ್ತಾರು ಗಂಟೆ ದೂರದ ರಿಪೇರಿಗಾರರನ್ನು ಕರೆಸುವ ಅರ್ಧದಷ್ಟು ಸಂದರ್ಭಗಳು ಎರಡು ಕಾಸಿನ ವಾಷರಿನಿಂದ ಹುಟ್ಟುತ್ತವೆ. ಮನೆಯಲ್ಲಿ ಯಾವ ಅಳತೆಯ ಪೈಪುಗಳಿವೆ ಎಂದು ನೋಡಿ, ಅದೇ ಅಳತೆಯ ಎರಡೆರಡು ಕಪಲಿಂಗು, ಎಲ್ಬೋ, ಒಂದು ಗೇಟ್ ವಾಲ್ವು, ಪೈಪಿಗೆ ಹಚ್ಚುವ ಅಂಟು, ಟೆಫ್ಲಾನ್ ಟೇಪು, ನಲ್ಲಿಯ ವಾಷರುಗಳು, ಪಂಪಿನ ಕೆಪಾಸಿಟರು, ಫ್ಯೂಸುಗಳು ಇವನ್ನು ಒಂದು ಪೆಟ್ಟಿಗೆಯಲ್ಲಿಡಿ. ಸಲಕರಣೆಗಳಲ್ಲಿ ಪೈಪ್ ರೆಂಚು ಎರಡು ಇರಬೇಕು, ಒಂದಲ್ಲ. ಒಂದರಿಂದ ಪೈಪನ್ನು ಹಿಡಿದು ಇನ್ನೊಂದರಿಂದ ತಿರುಗಿಸದಿದ್ದರೆ ಗೋಡೆಯೊಳಗಿನ ಕೀಲು ಒಡೆಯುತ್ತದೆ, ಸಣ್ಣ ಸೋರಿಕೆ ಸರಿಮಾಡಹೋಗಿ ದೊಡ್ಡ ಸೋರಿಕೆ ಮಾಡಿಕೊಂಡವರೆಲ್ಲ ಇದನ್ನು ಕಲಿತದ್ದು ಹಾಗೆಯೇ. ಜತೆಗೆ ತಲೆಗೆ ಕಟ್ಟುವ ದೀಪ ಪ್ರತಿಯೊಬ್ಬರಿಗೆ ಒಂದೊಂದು. ಕೈಯಲ್ಲಿ ಹಿಡಿಯುವ ಟಾರ್ಚು ಬೆಳಕು ಕೊಡುತ್ತದೆ, ಆದರೆ ಕೆಲಸ ಮಾಡಲು ಬೇಕಾದ ಒಂದು ಕೈಯನ್ನು ಕಸಿದುಕೊಳ್ಳುತ್ತದೆ.

ದಿನಸಿಯನ್ನು ಎರಡು ವಾರಕ್ಕೆ ಸಾಲುವಷ್ಟು ಇಟ್ಟರೆ ಸಾಕು. ಅದಕ್ಕಿಂತ ಹೆಚ್ಚಿಟ್ಟರೆ ಇಲಿ, ಹುಳುಗಳ ಪಾಲು, ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಗಳಿಲ್ಲದಿದ್ದರಂತೂ ಖಂಡಿತ. ಇಷ್ಟೇ ಮುಖ್ಯವಾದದ್ದು ಮನುಷ್ಯರ ಪಟ್ಟಿ. ಪಂಪು ಮೇಲೆತ್ತುವವರು, ಎಲೆಕ್ಟ್ರಿಷಿಯನ್, ಮರ ಕಡಿಯುವವರು, ರಾತ್ರಿ ವಾಹನ ಕೊಡಬಲ್ಲವರು, ಪಶುವೈದ್ಯರು ಇವರ ಹೆಸರು ಮತ್ತು ಸಂಖ್ಯೆಗಳನ್ನು ಬಂದ ಮೇಲೆ ಹುಡುಕುವ ಬದಲು ಮೊದಲೇ ಭೇಟಿಯಾಗಿ ತೆಗೆದುಕೊಳ್ಳಬೇಕು. ಮೊದಲ ಪರಿಚಯವೇ ತುರ್ತಿನ ಕರೆಯಾಗಿದ್ದರೆ ಯಾರಾದರೂ ಹಿಂಜರಿಯುವುದು ಸಹಜ. ಅತ್ಯಂತ ಹತ್ತಿರದ ಮನೆಯ ಹಿರಿಯರನ್ನು ಕಂಡು, ಜೋರು ಮಳೆಯಲ್ಲಿ ನೀರು ನಮ್ಮ ಜಾಗದಲ್ಲಿ ಯಾವ ಕಡೆಯಿಂದ ನುಗ್ಗುತ್ತದೆ ಎಂದು ಕೇಳಿ ನೋಡಿ. ನಮಗೆ ಸಿಕ್ಕ ಉತ್ತರ, "ಆ ಮೂಲೆಯ ಕೋಣೆಯಲ್ಲಿ ಮಾತ್ರ ಏನೂ ನೆಲಕ್ಕೆ ಇಡಬೇಡಿ" ಎಂಬುದಾಗಿತ್ತು. ಮಾರಿದವರು ಅದೇ ಕೋಣೆಯನ್ನು ಉಗ್ರಾಣಕ್ಕೆ ತುಂಬ ಚೆನ್ನಾಗಿದೆ ಎಂದಿದ್ದರು.

ಸಾಮಾನು ಹೊರಡುವ ಒಂದು ವಾರ ಮೊದಲು ಕೊನೆಯ ಪರೀಕ್ಷೆ ಒಂದಿದೆ. ಹಾಸಿಗೆ, ಎರಡು ಪಾತ್ರೆ, ಸಲಕರಣೆಯ ಪೆಟ್ಟಿಗೆ ಇಷ್ಟನ್ನೇ ಒಯ್ದು ಮನೆಯವರೆಲ್ಲ ಆ ಮನೆಗೆ ಹೋಗಿ, ಸಂಜೆ ಆರಕ್ಕೆ ಮೇನ್ ಸ್ವಿಚ್ಚನ್ನು ಇಳಿಸಿ, ಮರುದಿನ ಸಂಜೆ ಆರರವರೆಗೆ ಏರಿಸದೆ ಇರಬೇಕು. ತೊಟ್ಟಿಯಲ್ಲಿರುವ ನೀರೇ ನೀರು, ಬ್ಯಾಟರಿಯಲ್ಲಿರುವ ಕರೆಂಟೇ ಕರೆಂಟು, ಅಂಗಡಿಗೆ ಹೋಗುವಂತಿಲ್ಲ. ಬೇಕೆನಿಸಿ ಸಿಗದ ಪ್ರತಿಯೊಂದನ್ನೂ ಒಂದು ಹಾಳೆಯ ಮೇಲೆ ಬರೆಯುತ್ತ ಹೋಗಿ. ನಮ್ಮ ಹಾಳೆಯಲ್ಲಿ ಮೊದಲನೆಯದು ಬೆಂಕಿಪೊಟ್ಟಣ, ಎರಡನೆಯದು ಮೋಟಾರಿಲ್ಲದೆ ಬಾವಿಯಿಂದ ನೀರೆತ್ತಲು ಕೊಡ ಮತ್ತು ಹಗ್ಗ, ಮೂರನೆಯದು ಬರೆಯಲು ಇನ್ನೊಂದು ಪೆನ್ನು.